ಬೆಳ್ಳಿಯ ಕೊರಳ ಗಂಟೆ

ಪುಣಜನೂರಿನ ದೊಡ್ಡಮಲ್ಲಮ್ಮನನ್ನು ನೀವು ನೋಡಬೇಕಿತ್ತು. ಮಾತು ಜಾಸ್ತಿ, ಹೆದರಿಕೆ ಕಮ್ಮಿ. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದವಳೇ, "ಮಾದಪ್ಪಾ, ನೀ ಮುಂದೆ ನಡಿ, ನಾ ಇಂದೆ ಬತ್ತೀನಿ" ಎಂದು ಬೆಟ್ಟದ ದೇವರನ್ನು ಕರೆದು ಕುರಿಗಳನ್ನು ಹೊರಗೆ ಬಿಡುವಳು. ಮಂದೆಗೆ ಬೆಳ್ಳಿಯೇ ಮುಂದಾಳು. ಅದು ಮಾದಪ್ಪನ ಹೆಸರಿಗೆ ಬಿಟ್ಟ ಕುರಿ; ಮಾರುವಂತಿಲ್ಲ, ಕಡಿಯುವಂತಿಲ್ಲ. ಬೆಟ್ಟದಲ್ಲಿ ಪೂಜೆ ಮಾಡಿಸಿ ತಂದ ಗಂಟೆ ಅದರ ಕೊರಳಲ್ಲಿ.

ಒಂದು ದಿನ ಕಾಡಂಚಿಗೆ ಬಂದ ಚಿರತೆ ಒಂದು ಟಗರನ್ನು ಎತ್ತಿಕೊಂಡು ಹೋಯಿತು. ಮಗ ಸೋಮೇಶ್ ಪಟ್ಟು ಹಿಡಿದ.

"ಗಂಟೆ ಸದ್ದಿಗೇ ಬತ್ತದೆ ಕಣವ್ವ ಅದು. ಬಿಚ್ಬುಡು. ಇನ್ನೊಂದು ಕುರಿ ಓದ್ರೆ ಎಲ್ಲಾನೂ ಸಂತೆಮರಳ್ಳಿ ಸಂತೆಗೆ ಒಡ್ಕಂಡೋಯ್ತೀನಿ."

"ಹುಲಿ ಮ್ಯಾಲೆ ಕುಂತು ತಿರುಗೋ ಸ್ವಾಮಿಗೆ ಚಿರತೆ ಯಾವ ಲೆಕ್ಕ ಕಣ್ಲಾ?" ಎಂದು ನಕ್ಕಳು. ಆದರೂ ಮಗನ ಕಾಟ ತಾಳದೆ ಗಂಟೆ ಬಿಚ್ಚಿ ಸೆರಗಿನ ಗಂಟಿಗೆ ಹಾಕಿಕೊಂಡಳು.

ಮಾರನೆಯ ಮಧ್ಯಾಹ್ನವೇ ತುಂಬು ಗಬ್ಬದ ಬೆಳ್ಳಿ ಕಾಣೆ. ಮುಂದೆ ಆಳೆತ್ತರದ ಲಂಟಾನ ಪೊದೆ, ಅದರಾಚೆ ಕಾಡು.

"ಅದರ ಕತೆ ಮುಗೀತು, ನಡಿ ಮನೆಗೆ ಓಗನ" ಎಂದ, ಊಟ ಕೊಡಲು ಬಂದಿದ್ದ ಸೋಮೇಶ್.

"ಉಳ್ದವ ನೀ ನೋಡ್ಕೊ. ಬೆಳ್ಳಿ ಇಲ್ದೆ ನಾ ಬರಾಕಿಲ್ಲ."

"ಒಬ್ಳೇ ಓದೀಯಾ?"

"ಒಬ್ಳೇ ಯಾಕ್ಲಾ? ಮುಂದೆ ಅವ್ನೆ ಮಾದಪ್ಪ."

ಸೀರೆ ಎತ್ತಿ ಕಟ್ಟಿ ಪೊದೆಯೊಳಗೆ ನುಗ್ಗಿದಳು. ಮುಳ್ಳು ಮೊಣಕೈ ಗೀರಿತು. ಕೂಗಿ ಕೂಗಿ ಗಂಟಲು ಒಣಗಿತು, ಮಾರುತ್ತರವಿಲ್ಲ. ಬೆವರು ಒರೆಸಿಕೊಳ್ಳಲು ಸೆರಗೆತ್ತಿದಾಗ ಗಂಟೆ ಕಿಣಿ ಎಂದಿತು. ಅಲ್ಲೇ ನಿಂತಳು. ಗಂಟು ಬಿಚ್ಚಿ ಜೋರಾಗಿ ಬಾರಿಸಿದಳು. ಎಡಗಡೆಯಿಂದ ಸಣ್ಣಗೆ, "ಬ್ಯಾ."

ಬಾರಿಸುವಳು, ಕಿವಿಗೊಡುವಳು, ಮುಂದೆ ಹೋಗುವಳು. ಬಂಡೆಯ ಬುಡದಲ್ಲಿ ಬೆಳ್ಳಿ ಈಗಷ್ಟೇ ಹುಟ್ಟಿದ ಮರಿಯನ್ನು ನೆಕ್ಕುತ್ತಾ ನಿಂತಿತ್ತು.

"ಚಿರತೆಗೆ ಕೇಳ್ತದೆ ಅಂತ ಅಂಜಿ ನಂಗೂ ಕೇಳ್ದಂಗೆ ಮಾಡ್ಬುಟ್ನಲ್ಲವ್ವ" ಎನ್ನುತ್ತಾ ಗಂಟೆಯನ್ನು ಅದರ ಕೊರಳಿಗೆ ಮತ್ತೆ ಬಿಗಿದಳು.

ಮರಿಯನ್ನು ಹೆಗಲ ಮೇಲೆ ಹೊತ್ತು, ಗಂಟೆ ಸದ್ದು ಮಾಡುವ ಬೆಳ್ಳಿಯೊಡನೆ ಬಂದವಳನ್ನು ನೋಡಿ ಸೋಮೇಶ್ ಬಾಯಿಬಿಟ್ಟ.

"ಮತ್ತೆ ಕಟ್ಬುಟ್ಯಾ?"

"ಹೂಂ ಕಣ. ಸಂತೆಗೆ ಒಡ್ಕಂಡೋಗೋದಾದ್ರೆ ಮಾದಪ್ಪನ್ನ ಕೇಳ್ಕಂಡು ಓಗು."

ಅವನು ಮರಿಯನ್ನು ಇಳಿಸಿಕೊಂಡು ತನ್ನ ಶರ್ಟಿನಿಂದಲೇ ಒರೆಸಿದ. ಆಮೇಲೆ ಮೆಲ್ಲಗೆ, "ನಾಳೆಯಿಂದ ನಾನೂ ಬತ್ತೀನಿ ಕಣವ್ವ" ಎಂದ.

"ಬಾ. ಆದ್ರೆ ನನ್ ಜೊತೆ ಇಂದೆ ಬಾ" ಎಂದಳು ದೊಡ್ಡಮಲ್ಲಮ್ಮ. "ಮುಂದೆ ಜಾಗ ಇಲ್ಲ."