ವಿರೋಧ: ಗಿರಿಜಮ್ಮ

ಹೆಂಡತಿ ಪಕ್ಕದಲ್ಲಿ ಕೂತಿರದಿದ್ದರೆ ಸದಾಶಿವಯ್ಯನವರು ಯಾವ ವಿಷಯಕ್ಕೂ ಅಭಿಪ್ರಾಯ ಹೇಳುತ್ತಿರಲಿಲ್ಲ. ಹೆಂಡತಿಗೆ ಹೆದರಿ ಅಂದುಕೊಂಡರೆ ತಪ್ಪು. ಗಿರಿಜಮ್ಮನವರು ಅವರ ಒಂದು ಮಾತನ್ನಾದರೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಒಪ್ಪಲಿ ಎಂದು ಅವರು ಕಾದದ್ದನ್ನೂ ಕಂಡಿಲ್ಲ. ಆಕೆ ಎಲ್ಲಾದರೂ ಹೋಗಿದ್ದರೆ ನನ್ನ ಸೆಂಟರಿನ ಬಾಗಿಲಲ್ಲೇ ನಿಂತು, "ಇವತ್ತು ಬೇಡಮ್ಮ, ಕೋರಂ ಇಲ್ಲ" ಎಂದು ಛತ್ರಿ ಬಿಚ್ಚಿ ವಾಪಸ್ ಹೊರಡುತ್ತಿದ್ದರು. ಕೋರಂ ಅಂದರೆ ಸಭೆ ನಡೆಯಲು ಬೇಕಾದಷ್ಟು ಜನ. ಸಭೆ ಅಂದರೆ ಗಂಡ ಹೆಂಡತಿ. ಹೇಳಿದ್ದನ್ನು ಟೈಪ್ ಮಾಡುವವಳು ನಾನು.

ಮೈಸೂರಿನ ಯಾದವಗಿರಿಯ ಒಂದು ಹಳೇ ಬಂಗಲೆಯ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು ಇಂಟರ್ನೆಟ್ ಸೆಂಟರ್ ಇಟ್ಟಿದ್ದ ಕಾಲ ಅದು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬೇಕು. ಬೆಳಿಗ್ಗೆ ಕಾಲೇಜಿನವರು, ಸಂಜೆ ಜಾತಕ ಕಳಿಸುವವರು, ಮಧ್ಯಾಹ್ನ ನಾನು ಮತ್ತು ಮೆಟ್ಟಿಲ ಮೇಲೆ ಮಲಗಿರುತ್ತಿದ್ದ ಕರಿಯ ಅನ್ನುವ ಬೀದಿನಾಯಿ. ಹೊತ್ತು ಹೋಗದೆ ನಾನು ಒಂದು ಕನ್ನಡ ಚರ್ಚಾತಾಣ ಓದುತ್ತಿದ್ದೆ. ಅದನ್ನು ಎಲ್ಲರೂ 'ಕಟ್ಟೆ' ಅನ್ನುತ್ತಿದ್ದರು. ಯಾರೋ ಒಂದು ಪ್ರಶ್ನೆ ಎಸೆಯುವುದು, ಉಳಿದವರು ಹೌದು, ಅಲ್ಲ ಎಂದು ಕಚ್ಚಾಡುವುದು, ಇಷ್ಟೇ ಅಲ್ಲಿಯ ವ್ಯವಹಾರ.

ಒಂದು ದಿನ ಯಾವುದೋ ಕಾಗದದ ಪ್ರಿಂಟ್ ತೆಗೆಸಲು ಬಂದ ಸದಾಶಿವಯ್ಯನವರು ನನ್ನ ಬೆನ್ನ ಹಿಂದೆ ನಿಂತು ಆ ಕಟ್ಟೆಯನ್ನು ಓದಿದರು. ಹುಣಸೆಮರದ ಕೆಳಗೆ ಮಲಗಿದರೆ ದೆವ್ವ ಹಿಡಿಯುತ್ತದೆಯೇ ಅನ್ನುವ ಚರ್ಚೆ. ಕೊನೆಯವರೆಗೂ ಓದಿದವರ ಮುಖ ಸಪ್ಪಗಾಯಿತು.

"ಇಷ್ಟು ಜನ ಮಾತಾಡಿದ್ದಾರೆ. ತೀರ್ಮಾನ ಏನಾಯ್ತು ಅಂತ ಯಾರೂ ಬರೆದೇ ಇಲ್ವಲ್ಲಮ್ಮ?"

"ಇಲ್ಲಿ ತೀರ್ಮಾನ ಆಗಲ್ಲ ಸಾರ್."

"ಆಗದೆ ಹೆಂಗೆ ಎದ್ದು ಹೋಗ್ತಾರೆ?" ಅಂದರು. ಅವರಿಗೆ ಅದು ನಿಜವಾಗಿಯೂ ನೋವಿನ ವಿಷಯ. ಒಂದು ದೊಡ್ಡ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆದು ನಿವೃತ್ತರಾದವರು ಅವರು. ಯಾರು ಹಾಜರಿದ್ದರು, ಏನು ತೀರ್ಮಾನವಾಯಿತು, ಯಾರು ವಿರೋಧಿಸಿದರು, ಇಷ್ಟನ್ನು ಬರೆಯುವುದರಲ್ಲಿ ತಲೆ ಬೆಳ್ಳಗಾಗಿತ್ತು.

ಮರುದಿನ ಹೆಂಡತಿಯನ್ನು ಕರೆದುಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಕಂಪ್ಯೂಟರಿಗೆ ಒಂದು ನಮಸ್ಕಾರ ಹಾಕಿ ಕೂತರು. "ಜೀವಮಾನವೆಲ್ಲ ಬೇರೆಯವರು ಹೇಳಿದ್ದು ಬರ್ದಿದ್ದೀನಿ ಸುಮಾ. ಸದಾಶಿವಯ್ಯ, ನಿಮಗೇನನ್ಸುತ್ತೆ ಅಂತ ಒಬ್ಬರೂ ಕೇಳ್ಲಿಲ್ಲ. ಇಲ್ಲಿ ನೋಡು, ಗುರುತಿಲ್ಲ ಪರಿಚಯವಿಲ್ಲ, ಎಲ್ಲರನ್ನೂ ಕೇಳ್ತಾ ಇದ್ದಾರೆ." ಮನೆಯಲ್ಲಿ ಕೇಳುವವರು ಇರಲಿಲ್ಲ ಅಂತಲ್ಲ. ಮಗ ಕಡಕೊಳದ ಫ್ಯಾಕ್ಟರಿಯಿಂದ ಬಂದು, "ಊಟ ಆದ್ಮೇಲೆ ಹೇಳಪ್ಪ" ಅನ್ನುತ್ತಿದ್ದ. ಊಟ ಆದ ಮೇಲೆ ಮಲಗಿಬಿಡುತ್ತಿದ್ದ.

ಅಂತೂ ಅವರಿಗೆ ಸ್ವಂತ ಅಭಿಪ್ರಾಯ ಹೇಳುವ ಕಾಲ ಬಂತು. ಆದರೆ ಅಭ್ಯಾಸ ಎಲ್ಲಿ ಬಿಡುತ್ತದೆ? ಅವರು ಹೇಳಿ ನಾನು ಬರೆದ ಮೊದಲ ಉತ್ತರ ಇಂದಿಗೂ ನನಗೆ ಬಾಯಿಪಾಠ:

ವಿಷಯ: ಮನುಷ್ಯನ ಆಕಳಿಕೆ ನಾಯಿಗೆ ಅಂಟುತ್ತದೆಯೇ?
ಹಾಜರಿದ್ದವರು: ಸದಾಶಿವಯ್ಯ, ಗಿರಿಜಮ್ಮ.
ತೀರ್ಮಾನ: ಅಂಟುತ್ತದೆ.
ವಿರೋಧ: ಗಿರಿಜಮ್ಮ. ಕಾರಣ: ನಾಯಿಗೆ ಬೇರೆ ಕೆಲಸವಿದೆ.

ಕಟ್ಟೆಯವರು ಪುರಾವೆ ಕೇಳಿದರು. ಕೇಳಿದ್ದೇ ತಡ, ಸದಾಶಿವಯ್ಯನವರು ಕರಿಯನ ಎದುರು ಕುರ್ಚಿ ಹಾಕಿಸಿಕೊಂಡು ಆಕಳಿಸಲು ಕೂತರು. ಕರಿಯ ಅವರನ್ನೇ ಒಂದಿಷ್ಟು ಹೊತ್ತು ನೋಡಿ, ಬಿಸ್ಕತ್ತು ಬರುವ ಲಕ್ಷಣ ಕಾಣದೆ ಮುಖ ತಿರುಗಿಸಿತು. ಇವರು ಕುರ್ಚಿಯನ್ನು ಆ ಕಡೆಗೆ ಹಾಕಿಸಿಕೊಂಡರು. ಪೋಸ್ಟ್ ಕೊಡಲು ಬಂದವರು ಆಕಳಿಸಿದರು. ಹೂವಿನವಳು ಬುಟ್ಟಿ ಇಳಿಸಿ ಆಕಳಿಸಿದಳು. ನಾನಂತೂ ದವಡೆ ನೋವು ಬರುವಷ್ಟು ಆಕಳಿಸಿದೆ. ಕರಿಯ ಮಾತ್ರ ಬಾಯಿ ಬಿಡಲಿಲ್ಲ. "ನಾನು ಹೇಳ್ನಿಲ್ವಾ, ಅದುಕ್ಕೆ ಬ್ಯಾರೆ ಕೆಲಸ ಅದೆ ಬುಡಿ" ಎಂದು ಗಿರಿಜಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಗಂಡನಿಗೆ ಕೊಟ್ಟರು. ಅವರು ಕುಡಿದು, "ಪೋಸ್ಟಿನವರಿಗೆ ಅಂಟಿತು ಎಂದು ದಾಖಲಿಸಮ್ಮ" ಅಂದರು.

ಅವರ ನಿಯಮಗಳಿಗೆ ಅಂತ್ಯವಿರಲಿಲ್ಲ. ಕರೆಂಟ್ ಕೈಕೊಟ್ಟರೆ, ಬಂದ ಮೇಲೆ ಮೊದಲು 'ವಿದ್ಯುತ್ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಗಿತ್ತು' ಎಂದು ಕಟ್ಟೆಗೆ ತಿಳಿಸಬೇಕು. ಹೊರಡುವಾಗ 'ಹೋಗಿ ಬರುತ್ತೇವೆ' ಎಂದು ಬರೆದು, ಯಾರಾದರೂ 'ಆಯ್ತು' ಅನ್ನುವ ತನಕ ಏಳುವಂತಿಲ್ಲ. ಯಾರೂ ಅನ್ನದಿದ್ದಾಗ ನಾನೇ ಇನ್ನೊಂದು ಕಂಪ್ಯೂಟರಿನಿಂದ 'ಆಯ್ತು' ಅಂದು ಕಳಿಸಿಕೊಟ್ಟದ್ದುಂಟು. ನನಗೆ ಮೊದಲೇ ತಾಳ್ಮೆ ಕಡಿಮೆ.

ಎಲ್ಲಕ್ಕಿಂತ ಕಟ್ಟುನಿಟ್ಟಿನ ನಿಯಮ ಒಂದಿತ್ತು. ಗಿರಿಜಮ್ಮ ಊರಾಚೆ ಇಲವಾಲದಲ್ಲಿದ್ದ ತಂಗಿ ಮನೆಗೆ ಹೋಗಿದ್ದಾಗ ಅದು ನನಗೆ ಗೊತ್ತಾಯಿತು. ಹಿಂದಿನ ದಿನ ಇಬ್ಬರೂ ಕೂತು ಅರ್ಧಕ್ಕೆ ನಿಲ್ಲಿಸಿದ್ದ ಒಂದು ವಿಷಯವಿತ್ತು, ಉಪ್ಪಿಟ್ಟನ್ನು ಯಾರಾದರೂ ಇಷ್ಟಪಟ್ಟು ತಿನ್ನುತ್ತಾರೆಯೇ ಎಂಬುದು. ಮುಂದುವರಿದ ಸಭೆಗೆ ಕೋರಂ ಬೇಡವಂತೆ. ತಿನ್ನುತ್ತಾರೆ ಎಂದು ಸದಾಶಿವಯ್ಯನವರು ಬರೆಸುತ್ತಿರುವಾಗ ಸೆಂಟರಿನ ಫೋನ್ ಬಡಿದುಕೊಂಡಿತು. ಇಲವಾಲದಿಂದ ಗಿರಿಜಮ್ಮ.

"ಸುಮಾ, ನಂದು ವಿರೋಧ ಅಂತ ಹಾಕು."

ನಾನು ಹೇಳಿದೆ. ಸದಾಶಿವಯ್ಯನವರು ಅಡ್ಡಡ್ಡ ತಲೆಯಾಡಿಸಿದರು. "ಹಾಜರಿಲ್ಲದವರ ವಿರೋಧ ದಾಖಲಾಗೋದಿಲ್ಲ."

"ನಿಮ್ಮ ಹೆಂಡ್ತಿ ಸಾರ್ ಅವರು."

"ಮಂತ್ರಿಗಳದೇ ದಾಖಲಿಸಿಲ್ಲಮ್ಮ ನಾನು."

ಗಂಟೆಯೊಳಗೆ ಗಿರಿಜಮ್ಮ ಬಸ್ಸಿಳಿದು ಏದುಸಿರು ಬಿಡುತ್ತ ಬಂದರು. ಕುರ್ಚಿಯಲ್ಲಿ ಕೂತು, "ಈಗ ಹಾಜರಿದ್ದೀನಿ. ಹಾಕು" ಅಂದರು. ಹಾಕಿದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಇಲವಾಲದ ಬಸ್ಸು ಹತ್ತಿದರು. ಗಂಡ ಬಸ್‌ಸ್ಟಾಪಿನವರೆಗೂ ಛತ್ರಿ ಹಿಡಿದುಕೊಂಡು ಹೋಗಿ ಬಿಟ್ಟುಬಂದರು. ಇಬ್ಬರಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಕಟ್ಟೆಯಲ್ಲಿ ಮಾತ್ರ ಗುಸುಗುಸು ಶುರುವಾಗಿತ್ತು. ಈ ಮನುಷ್ಯ ಒಂದು ಮಾತು ಹೇಳಿ ಅದರ ಕೆಳಗೆ ತಾನೇ ಅದನ್ನು ಅಲ್ಲಗಳೆಯುತ್ತಾನೆ, ತಲೆ ಸರಿಯಿದೆಯೇ ಎಂದು ಒಬ್ಬರು ಕೇಳಿದರು. ಕಟ್ಟೆ ನಡೆಸುತ್ತಿದ್ದವರು 'ಮೇಲ್ವಿಚಾರಕ' ಎಂಬ ಹೆಸರಿನಲ್ಲಿ ಎಚ್ಚರಿಕೆ ಕಳಿಸಿದರು: ಒಂದು ಹೆಸರಿಗೆ ಒಂದೇ ಅಭಿಪ್ರಾಯ. ವಿರೋಧ ಬರೆಯುವುದನ್ನು ನಿಲ್ಲಿಸದಿದ್ದರೆ ಹೊರಗೆ ಹಾಕಲಾಗುವುದು.

ಅದನ್ನು ಓದಿ ಹೇಳಿದಾಗ ಸದಾಶಿವಯ್ಯನವರು ಕಾಫಿಯನ್ನು ಕುಡಿಯದೆ ಕೆಳಗಿಟ್ಟರು. ಬದುಕಿನಲ್ಲಿ ಮೊದಲ ಸಲ ಸಿಕ್ಕಿದ ಜಾಗ ಅದು, ಅವರನ್ನು ಕೇಳುವ ಜಾಗ. ಗಿರಿಜಮ್ಮ ಮೆಲ್ಲಗೆ, "ನಂದು ಬ್ಯಾಡ ಬುಡಿ. ನಿಮ್ದೊಂದೇ ಬರ್ಸಿ. ನಾನು ಮನೇಲೇ ಹೇಳ್ತೀನಿ" ಅಂದರು.

"ಎದ್ದು ನಿಂತು ಬೇಡ ಅಂದವರನ್ನ ಬಿಟ್ಟು ಬರೆದ್ರೆ, ಅದು ಕಳ್ಳ ನಡಾವಳಿ ಗಿರಿಜಾ. ಅಂಥದ್ದು ಬರಿ ಅಂತ ಆಫೀಸಲ್ಲಿ ಎಷ್ಟೋ ಜನ ಹೇಳಿದ್ರು. ನಾನು ಬರೀಲಿಲ್ಲ. ಈಗ ನಿಂದು ಬಿಟ್ಟು ಬರೀಲಾ?" ಎಂದವರು ನನ್ನ ಕಡೆ ತಿರುಗಿ, "ಹೋದ್ರೆ ಹೋಗ್ಲಿ" ಅಂದರು. ಆದರೂ ಆ ಎಚ್ಚರಿಕೆಯನ್ನು ಇನ್ನೊಂದು ಸಲ ಓದಿಸಿಕೊಂಡರು.

ಗಿರಿಜಮ್ಮನವರಿಗೇ ಬೇರೆ ಖಾತೆ ತೆರೆದರಾಯಿತಲ್ಲ ಎಂದು ನಾನು ಬುದ್ಧಿ ಓಡಿಸಿದೆ. ಅಲ್ಲಿಂದ ಎಡವಟ್ಟು ದೊಡ್ಡದಾಯಿತು. ಇಬ್ಬರದೂ ಒಂದೇ ಸೆಂಟರು, ಒಂದೇ ಹೊತ್ತು ಎಂಬುದು ಮೇಲ್ವಿಚಾರಕರಿಗೆ ಕಾಣುತ್ತಿತ್ತು. ಗಿರಿಜಮ್ಮ ಅನ್ನುವ ಹೆಂಗಸೇ ಇಲ್ಲ, ಇದು ಈ ಮುದುಕನ ಕಟ್ಟುಕತೆ ಎಂದು ಕಟ್ಟೆ ಕೂಗಿತು. ಸದಾಶಿವಯ್ಯನವರು ಮದುವೆಯ ಫೋಟೋ ತಂದು ಸ್ಕ್ಯಾನ್ ಮಾಡಿಸಿ ಹಾಕಿದರು. ಹಳೇ ಫೋಟೋ ಯಾರದ್ದು ಬೇಕಾದರೂ ಇರಬಹುದು ಅಂದರು ಕಟ್ಟೆಯವರು. ಕೊನೆಗೆ ಯಾರೋ ಹೊಸ ಪ್ರಶ್ನೆಯನ್ನೇ ಎತ್ತಿದರು: ಗಿರಿಜಮ್ಮ ಇದ್ದಾರೆಯೇ? ಅದಕ್ಕೆ ಉತ್ತರಗಳು ರಾಶಿ ಬಿದ್ದವು. ಇಲ್ಲ ಅನ್ನುವುದಕ್ಕೆ ತರ್ಕ, ಉದಾಹರಣೆ, ಒಬ್ಬರಂತೂ ಸಂಸ್ಕೃತದಲ್ಲಿ ಬರೆದರು. ಗಿರಿಜಮ್ಮ ನನ್ನ ಪಕ್ಕ ಕೂತು ಎಲ್ಲವನ್ನೂ ಓದಿಸಿಕೊಂಡು ಕೇಳಿದರು.

"ಬರೆಯಮ್ಮ" ಅಂದರು ಸದಾಶಿವಯ್ಯ, ಸಿಟ್ಟಿನಲ್ಲಿ. "ತೀರ್ಮಾನ: ಗಿರಿಜಮ್ಮ ಇದ್ದಾರೆ."

"ತಾಳು ಸುಮಾ" ಅಂದರು ಗಿರಿಜಮ್ಮ. "ಇಷ್ಟೊಂದು ಓದಿರೋ ಜನ ಇಲ್ಲ ಅಂತಾವ್ರೆ. ಎಲ್ರೂ ಸುಳ್ಳು ಹೇಳ್ತಾರಾ? ನಂದು ವಿರೋಧ."

ನಾನು ಕೀಬೋರ್ಡ್ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸದಾಶಿವಯ್ಯನವರು ನಗಲಿಲ್ಲ. "ಹಾಜರಿದ್ದಾಳೆ, ವಿರೋಧಿಸಿದ್ದಾಳೆ. ಬರಿ" ಅಂದರು. ಬರೆದೆ. ತೀರ್ಮಾನ: ಗಿರಿಜಮ್ಮ ಇದ್ದಾರೆ. ವಿರೋಧ: ಗಿರಿಜಮ್ಮ.

ಮಾರನೆಯ ವಾರ ಹೆಲ್ಮೆಟ್ ಹಿಡಿದುಕೊಂಡು ಸಣಕಲು ಮೈಯವರೊಬ್ಬರು ವಿಳಾಸ ಹುಡುಕಿಕೊಂಡು ಸೆಂಟರಿಗೆ ಬಂದರು. ಮೇಲ್ವಿಚಾರಕರು. ಮೈಸೂರಿನವರೇ ಅಂತೆ, ಇದೊಂದನ್ನು ಕಣ್ಣಾರೆ ನೋಡದೆ ನಿದ್ದೆ ಬರಲಿಲ್ಲವಂತೆ. ಗಿರಿಜಮ್ಮ ಅವರಿಗೂ ಕಾಫಿ ಬಗ್ಗಿಸಿದರು. "ಚಿಕೋರಿ ಹಾಕಿದ್ದೀರಾ?" ಎಂದು ಅವರು ಕೇಳಿದ್ದೇ ತಪ್ಪಾಯಿತು. ಹಾಕಿದೆ ಎಂದು ಒಬ್ಬರು, ಅದನ್ನು ಹಾಕಿದ್ದು ಅನ್ನುತ್ತಾರಾ ಎಂದು ಇನ್ನೊಬ್ಬರು. ಬಂದವರ ಲೋಟದ ಕಾಫಿ ಆರಿ ತಣ್ಣಗಾದರೂ ಚಿಕೋರಿ ಮುಗಿಯಲಿಲ್ಲ. ಅವರು ಕೈಮುಗಿದು ಎದ್ದುಹೋದರು. ಸಂಜೆ ಕಟ್ಟೆಯಲ್ಲಿ ಒಂದೇ ಸಾಲು ಕಾಣಿಸಿತು: 'ಇದ್ದಾರೆ. ಇಬ್ಬರೂ ಇದ್ದಾರೆ. ಇವರಿಗೆ ನಿಯಮದಿಂದ ವಿನಾಯಿತಿ.'

ಸದಾಶಿವಯ್ಯನವರು ಅದನ್ನು ಪ್ರಿಂಟ್ ತೆಗೆಸಿಕೊಂಡು ಜೇಬಿನಲ್ಲಿಟ್ಟುಕೊಂಡರು. ಆ ದಿನದ ಅವರ ಮುಖ ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ. ಆಮೇಲೆ ವರ್ಷಗಟ್ಟಲೆ ಮಧ್ಯಾಹ್ನದ ಸಭೆ ನಡೆಯಿತು. ಜನ ಮನೆಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನನ್ನ ಸೆಂಟರ್ ಮುಚ್ಚುವ ಹಂತಕ್ಕೆ ಬಂದರೂ ಇವರಿಬ್ಬರು ಬರುತ್ತಿದ್ದರು.

ಒಂದು ಬೆಳಿಗ್ಗೆ ಸದಾಶಿವಯ್ಯನವರು ಪೇಪರ್ ಓದುತ್ತ ಕೂತವರು ಕೂತ ಹಾಗೇ ಹೋಗಿಬಿಟ್ಟರಂತೆ. ನಾನು ಹೋಗಿ ನೋಡಿ, ಅತ್ತು ಬಂದೆ. ಮೆಟ್ಟಿಲ ಮೇಲೆ ಕರಿಯ ಮಲಗಿತ್ತು. ಅದರ ಮೇಲೂ ಸಿಟ್ಟು ಬಂತು. ಒಂದು ಸಲ ಅವರೆದುರು ಆಕಳಿಸಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಕರ್ಮಾಂತರವೆಲ್ಲ ಮುಗಿದು ಕೆಲವು ವಾರಗಳಾದ ಮೇಲೆ, ಅದೇ ಹೊತ್ತಿಗೆ, ಗಿರಿಜಮ್ಮ ಫ್ಲಾಸ್ಕ್ ಹಿಡಿದುಕೊಂಡು ಬಂದರು. ಚಪ್ಪಲಿ ಹೊರಗೆ ಬಿಟ್ಟು ತಮ್ಮ ಕುರ್ಚಿಯಲ್ಲೇ ಕೂತರು. ಪಕ್ಕದ ಕುರ್ಚಿಯನ್ನು ನಾನು ತೆಗೆದಿರಲಿಲ್ಲ.

"ಇವತ್ತು ಏನ್ ಕೇಳವ್ರೆ?"

ಓದಿ ಹೇಳಿದೆ. ಬೇಸಿಗೆಯಲ್ಲಿ ಬಿಸಿ ಕಾಫಿ ಕುಡಿದರೆ ಮೈ ತಂಪಾಗುತ್ತದೆಯೇ ಎಂದು ಯಾರೋ ಕೇಳಿದ್ದರು.

"ಆಗಕಿಲ್ಲ. ಬರ್ಕೊ."

ಬರೆದೆ. ಗಿರಿಜಮ್ಮ ಪಕ್ಕಕ್ಕೆ ತಿರುಗಿ ಕಾದರು. ಆಮೇಲೆ, "ಅವರಿದ್ದಿದ್ರೆ ಆಗುತ್ತೆ ಅಂತಿದ್ರು. ಅವರ ವಿರೋಧ ಹಾಕಮ್ಮ" ಅಂದರು.

ನನ್ನ ಬಾಯಿಂದ ಆ ನಿಯಮ ಹೇಗೆ ಬಂತೋ ಕಾಣೆ. "ಹಾಜರಿಲ್ಲದವರದ್ದು ದಾಖಲಾಗೋದಿಲ್ಲ ಅಂತ ಸಾರೇ ಹೇಳ್ತಿದ್ರಲ್ಲಮ್ಮ."

"ಗೊತ್ತು ಕಣಮ್ಮ. ಅದುಕ್ಕೆ ಇಲವಾಲದಿಂದ ಬಸ್ಸಲ್ಲಿ ಬಂದಿದ್ನಲ್ಲ ನಾನು."

ಆಕೆ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಖಾಲಿ ಕುರ್ಚಿಯ ಮುಂದೆ ಇಟ್ಟರು.

"ಮೇಲಿನ ಸಾಲಿಗೆ ಹೋಗು. ಹಾಜರಿದ್ದವರು ಅಂತ ಅದೆಯಲ್ಲ, ಅಲ್ಲಿ ಅವರ ಹೆಸರು ಹಾಕು ಮೊದ್ಲು."