ಗುರುಸಿದ್ದವ್ವನ ಬಣವೆಗೆ ಬಿದ್ದ ವಿಮಾನ

ಸಾಂಬ್ರಾಣಿ ಊರಿನ ಗುರುಸಿದ್ದವ್ವ ಗಂಡ ಸತ್ತ ಮೇಲೆ ತಾನೇ ನೇಗಿಲು ಹಿಡಿದವಳು. ಹೆಂಗಸು ಉಳುಮೆ ಮಾಡಿದರೆ ಮಳೆ ಹೋಗುತ್ತದೆ ಎಂದು ಹಿರಿಯರು ಹೇಳಿದ್ದರು. ಹನ್ನೆರಡು ವರ್ಷ ಮಳೆ ತಪ್ಪದೆ ಬಂತು. ಹಿರಿಯರು ಮಾತ್ರ ಮಾತು ಬದಲಿಸಲಿಲ್ಲ.

೧೯೪೪ರ ಸುಗ್ಗಿಯಲ್ಲಿ, ವಿಮಾನ ಹಾರಿಸಲು ಕಲಿಯುತ್ತಿದ್ದ ಸೈನಿಕನೊಬ್ಬ ಎಂಜಿನ್ ನಿಂತು ವಿಮಾನದ ಸಮೇತ ಅವಳ ಭತ್ತದ ಬಣವೆಯ ಮೇಲೆ ಬಿದ್ದ. ಬಾಂಬು ಸಿಡಿದೀತೆಂದು ಊರ ಗಂಡಸರು ಗುಡಿಯ ಹಿಂದೆ ಧೈರ್ಯವಾಗಿ ಅಡಗಿದರು. ಗುರುಸಿದ್ದವ್ವ ಸೈನಿಕನನ್ನು ಆಸನಕ್ಕೆ ಬಿಗಿದಿದ್ದ ಪಟ್ಟಿಯನ್ನು ಕುಡಗೋಲಿನಿಂದ ಕೊಯ್ದು ಅವನನ್ನು ಹೊರಗೆಳೆದಳು. ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದಳು.

ಮೂರನೆಯ ದಿನ ವಿಚಾರಣೆಗೆ ಸೈನ್ಯದ ದೊಡ್ಡ ಸಾಹೇಬ ಗುಮಾಸ್ತನೊಡನೆ ಬಂದ. ಕಣ್ಣಾರೆ ಕಂಡ ಸಾಕ್ಷಿ ಅವಳೊಬ್ಬಳೇ.

"ವಿಮಾನದ ದಾರ್ಯಾಗ ಬಣವಿ ಯಾಕ ಒಟ್ಟಿದ್ದಿ?" ಎಂದು ಸಾಹೇಬನ ಪ್ರಶ್ನೆಯನ್ನು ಗುಮಾಸ್ತ ಕನ್ನಡದಲ್ಲಿ ಕೇಳಿದ.

"ಬಣವಿ ಅಲ್ಲೇ ಇತ್ರಿ. ವಿಮಾನನ ಅದರ ಮ್ಯಾಲ ಬಂತ್ರಿ."

ಸಾಹೇಬ ಗಂಭೀರವಾಗಿ ಬರೆದುಕೊಂಡ. ಕಲಿಯುವವನ ಅಜಾಗರೂಕತೆಯೇ ಕಾರಣ ಎಂದೂ ಬರೆದು, ಹೆಬ್ಬೆಟ್ಟು ಒತ್ತಲು ಹೇಳಿದ. ಗುಮಾಸ್ತ ಓದಿದ್ದನ್ನು ಕೇಳಿ ಅವಳು ಕೈ ಹಿಂದಕ್ಕೆಳೆದಳು.

"ವಿಮಾನದ ಎಣ್ಣಿ ಕೊಳವಿ ಸೀಳಿತ್ರಿ. ಆ ಸೀಳಿಗೆ ಯಾರೋ ಮೊದಲ ಅರಿವಿ ಚಿಂದಿ ಸುತ್ತಿದ್ರು. ಹಂತಾ ಹರಕ ಹಗ್ಗದಲೆ ನಾ ಎತ್ತ ಸುದ್ದಾ ಹೂಡಂಗಿಲ್ರಿ. ಕಂಡದ್ದ ಬರೀರಿ, ಒತ್ತತೇನಿ."

ಸಾಹೇಬ ಮಧ್ಯಾಹ್ನದವರೆಗೆ ಸಿಟ್ಟಾಗಿದ್ದ. ಆಮೇಲೆ ಹಸಿವಾಯಿತು, ಕೊಳವೆಯ ಸಂಗತಿ ಬರೆದ.

ಸೈನಿಕನ ಮೇಲಿನ ಆರೋಪ ಬಿದ್ದುಹೋಯಿತು. ಹಾಳಾದ ಬಣವೆಯ ಬಗ್ಗೆ ಸರ್ಕಾರ ತುಟಿ ಬಿಚ್ಚಲಿಲ್ಲ, ಆದರೆ ವಿಮಾನದ ಚೂರು ಸಾಗಿಸಲು ಅವಳದೇ ಗಾಡಿ ಕೇಳಿತು. ಗುರುಸಿದ್ದವ್ವ ಕೊಟ್ಟಳು. ಅವಳಿಗೆ ಹೊಲ ಖಾಲಿಯಾಗಬೇಕಿತ್ತು, ಕಡಲೆ ಬಿತ್ತುವುದಿತ್ತು.