ಒಂದೇ ಗೆರೆ ಮೂಡಿದ ದಿನ ತೀರ್ಥಹಳ್ಳಿಗೆ

ಸಾಗರದಿಂದ ಹೊರಟ ಬೆಳಿಗ್ಗೆ ಗಂಟಲಲ್ಲಿ ಸಣ್ಣ ಉರಿಯಿತ್ತು. ತೀರ್ಥಹಳ್ಳಿಯಲ್ಲಿ ನನಗಾಗಿ ಕಾಯುತ್ತಿದ್ದ ಗೆಳತಿ ಸುಮತಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವಳು. ನೆಗಡಿಯೂ ಅವಳಿಗೆ ಅಪಾಯ. ಮರುದಿನವೇ ಅವಳು ಮತ್ತೆ ಆಸ್ಪತ್ರೆ ಸೇರಬೇಕಿತ್ತು. ಮನೆಯಲ್ಲಿದ್ದ ಕೋವಿಡ್ ಕಿಟ್ ತೆಗೆದು ಪರೀಕ್ಷಿಸಿಕೊಂಡೆ. ಒಂದೇ ಗೆರೆ ಮೂಡಿತು: ನೆಗೆಟಿವ್. ಅವಳಿಗೆ ಫೋಟೊ ಕಳಿಸಿ ನೆಮ್ಮದಿಯಿಂದ ಬಸ್ಸು ಹತ್ತಿದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮ್ಮದು ಜೋಡಿ. ಅವಳು ಪರ, ನಾನು ವಿರೋಧ. ಅಭ್ಯಾಸದ ವೇಳೆ ಒಬ್ಬಳ ಮಾತು ಉದ್ದವಾದರೆ ಮತ್ತೊಬ್ಬಳು ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದಳು. ಒಮ್ಮೆ ಬಡಿದರೆ ಎಚ್ಚರಿಕೆ, ಎರಡನೆಯದು ಮುಕ್ತಾಯ.

ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಬಿಸಿಲು ಚುರುಕಾಗಿತ್ತು; ನನಗೆ ಮಾತ್ರ ಮೈನಡುಕ. ಔಷಧಿ ಅಂಗಡಿಯಲ್ಲಿ ಮಾಸ್ಕ್ ಕೊಂಡೆ. "ನೆಗೆಟಿವ್ ಅಂತೀರಿ, ಮತ್ತೆ ಎಂತಕ್ಕೆ ಹೆದರ್ತೀರಿ ಮೇಡಂ?" ಎಂದು ಅಂಗಡಿಯವರು ನಕ್ಕರು. ಹಿಂದಿರುಗಬಹುದಿತ್ತು. ಆದರೆ ದೂರದಿಂದಲಾದರೂ ಅವಳನ್ನು ನೋಡಬೇಕೆನಿಸಿತು. ತೀರ್ಥಹಳ್ಳಿಯ ಬಸ್ಸಿನಲ್ಲಿ ಕಿಟಕಿ ತೆರೆದು ಕೊನೆಯ ಸೀಟಿನಲ್ಲಿ ಒಬ್ಬಳೇ ಕುಳಿತೆ.

ಸುಮತಿ ತಲೆಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿದ್ದಳು. ಪಕ್ಕದಲ್ಲಿ ಕಾಫಿಯ ಫ್ಲಾಸ್ಕು, ನನಗೆಂದು ತೊಳೆದಿಟ್ಟ ಲೋಟ.

"ಗೇಟಲ್ಲೇ ಎಂತ ನಿಂತ್ಯೇ ಮಾರಾಯ್ತಿ? ಬಾ ಒಳಗೆ."

"ಜ್ವರ ಬಂದಿದೆ ಕಣೇ."

"ನೆಗೆಟಿವ್ ಅಂತ ಸಾಕ್ಷಿ ಕಳಿಸಿದವಳೂ ನೀನೇ, ತಕರಾರು ತೆಗೆಯೋಳೂ ನೀನೇ."

ನಾನು ಗೇಟು ಹಿಡಿದೇ ವಾದ ಮಂಡಿಸಿದೆ. ಆರಂಭದಲ್ಲಿ ಮೂಗಿನಲ್ಲಿ ವೈರಸ್ ಕಡಿಮೆಯಿದ್ದರೆ ಸೋಂಕು ತೋರಿಸುವ ಎರಡನೆಯ ಗೆರೆ ಮೂಡದು. ಎರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಈ ಕಿಟ್ ಹುಡುಕುವುದು ಕೋವಿಡ್ ಒಂದನ್ನೇ; ಫ್ಲೂ ಇದ್ದರೆ ಅದಕ್ಕೆ ತಿಳಿಯದು. ಲ್ಯಾಬಿನ ಆರ್‌ಟಿಪಿಸಿಆರ್ ಹೆಚ್ಚು ಸೂಕ್ಷ್ಮ, ಆದರೆ ವರದಿ ಬರುವಷ್ಟರಲ್ಲಿ ನೀನು ಆಸ್ಪತ್ರೆ ಸೇರಿರುತ್ತೀಯ. ಎರಡನೆಯ ಗೆರೆ ಮೂಡಿದರೆ ಬಹುಮಟ್ಟಿಗೆ ನಂಬಬಹುದು, ಮೂಡದಿದ್ದರೆ ರೋಗವಿಲ್ಲವೆನ್ನಲಾಗದು.

"ವಾದ ಚೆನ್ನಾಗಿದೆ," ಎಂದಳು ಸುಮತಿ. "ಈ ಸಲ ಗೆದ್ದೆ ಬಿಡು. ಎದುರು ಕೂತು ಜಗಳ ಆಡೋಕೆ ಒಬ್ಬಳು ಬರ್ತಾಳೆ ಅಂತ ಬೆಳಗಿಂದ ಕಾದಿದ್ದೆ."

ಆದರೂ ನಾನು ಗೇಟು ತೆರೆಯಲಿಲ್ಲ. ಅಂಗಳದಾಚೆಯಿಂದಲೇ ಹಳೆಯ ವಿಷಯಗಳನ್ನೆಲ್ಲ ಮಾತಾಡಿದೆ. ದನಿ ಒಡೆದು ಕೆಮ್ಮು ಬಂತು. ಸುಮತಿ ಆ ಖಾಲಿ ಲೋಟ ಎತ್ತಿ ಚಮಚದಿಂದ ಒಮ್ಮೆ ಬಡಿದಳು. ನಾನು ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟೆ.

ತಿರುವಿನಲ್ಲಿ ನಿಂತು ಹೊರಳಿ ನೋಡಿದೆ. ಎರಡನೆಯ ಬಡಿತ ಇನ್ನೂ ಬಂದಿರಲಿಲ್ಲ. ಅವಳು ಚಮಚವನ್ನು ಲೋಟದೊಳಗೆ ಇಳಿಸಿಟ್ಟು ಕೈಬೀಸಿದಳು.